ಬೆಳ್ಯಾನಿಗೆ ಬಣ್ಣ ಬಳಿದ ಕಾರಹುಣ್ಣಿವೆ

ಮೊನ್ನೆ ಕಿರಿಮಗನಿಗೆ ಹೆಣ್ಣುಕೂಸು ಹುಟ್ಟಿತು. ಮನೆ ತುಂಬ ಮೊಮ್ಮಕ್ಕಳಿದ್ದಾರೆ, ಎಲ್ಲವೂ ಗಂಡು, ಒಂದಕ್ಕೊಂದು ಗುದ್ದಾಡುವ ಟಗರುಗಳು. ಹೆಣ್ಣು ಇದೇ ಮೊದಲು. ಜಮಖಂಡಿಯ ದವಾಖಾನೆಯಲ್ಲಿ ನರ್ಸಬಾಯಿ ಕೂಸನ್ನು ನನ್ನ ಕೈಗೆ ಕೊಟ್ಟಾಗ ನಗುವೂ ಅಳುವೂ ಕೂಡಿಯೇ ಬಂದವು, ಹಲ್ಲಿಲ್ಲದ ಬಾಯಿ ಮುಚ್ಚಲೇ ಇಲ್ಲ. ಓಣಿಯ ಮನೆಮನೆಗೂ ನಾನೇ ಸಕ್ಕರೆ ಹಂಚಿದೆ. ಮಾತು ಬಿಟ್ಟವರ ಮನೆಗೂ ಹೋಗಿ ಕೊಟ್ಟು ಬಂದೆ. ತೊಟ್ಟಿಲ ಬಟ್ಟೆಯನ್ನು ಬೇರೆಯವರ ಕೈಯಿಂದ ತರಿಸಲು ಮನಸ್ಸು ಬರಲಿಲ್ಲ. ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಅಂಗಳದ ಮುಂದೆ ಹಾಯುವಾಗ ಹಂಡೆಯಿಂದ ಎದ್ದ ಹಬೆ ಮೂಗಿಗೆ ಬಡಿಯಿತು. ಹುಳಿಹುಳಿಯಾದ, ಸುಟ್ಟ ಕೂದಲಿನಂಥ ವಾಸನೆ. ಕಾಲು ಅಲ್ಲೇ ನಿಂತುಬಿಟ್ಟವು. ಮದುವೆಯಾಗಿ ಬಂದ ವರ್ಷದ ಕಾರಹುಣ್ಣಿವೆ ಕಣ್ಣ ಮುಂದೆ ಎದ್ದು ನಿಂತಿತು.

ನಾನು ಕಲಿತದ್ದು ಮೂರನೆಯ ಇಯತ್ತೆ. ಬರೆಯುವ ರೂಢಿಯಿಲ್ಲ. ಆದರೆ ಹಿಗ್ಗು ಬಂದಾಗ ಸುಮ್ಮನೆ ಕೂಡುವ ಜಾತಿ ನನ್ನದಲ್ಲ. ಮೊಮ್ಮಗನ ಪಾಟಿಚೀಲದಿಂದ ಕಾಗದ ತೆಗೆದುಕೊಂಡು ಕೂತಿದ್ದೇನೆ.

ಆಗ ನಾವು ಮುಂಬೈ ಸರಕಾರದ ಕೆಳಗಿದ್ದೆವು. ಜಮಖಂಡಿ, ಮುಧೋಳದ ಸಂಸ್ಥಾನಗಳು ಹೋಗಿ ಹೆಚ್ಚು ದಿನವಾಗಿರಲಿಲ್ಲ. ನನ್ನ ತವರು ಹಿಪ್ಪರಗಿ, ಕೃಷ್ಣಾ ಹೊಳೆಯ ದಂಡೆ. ಮಳೆ ಬಿದ್ದು ದಂಡೆಯ ಹುಲ್ಲು ಹಸಿರಾಯಿತೆಂದರೆ ತೊಣಚಿ ಏಳುತ್ತಿದ್ದವು. ತೊಣಚಿ ಎಂದರೆ ಮನೆಯೊಳಗಿನ ನೊಣವಲ್ಲ. ದನದ ರಕ್ತ ಕುಡಿಯುವ ನೊಣ. ಹೆಬ್ಬೆರಳ ಉಗುರಿನಷ್ಟು ದೊಡ್ಡದು. ಅದು ಸೂಜಿಯಂತೆ ಚುಚ್ಚುವುದಿಲ್ಲ, ಕತ್ತರಿಯಂತೆ ಚರ್ಮ ಕೊಯ್ದು, ಒಸರಿದ ರಕ್ತ ನೆಕ್ಕುತ್ತದೆ. ಒಂದು ಹಾರಿಹೋದ ಗಾಯದ ಮೇಲೆ ಇನ್ನೊಂದು ಬಂದು ಕೂಡುತ್ತದೆ. ಎಮ್ಮೆಗಳು ಕೆಸರಿಗೆ ಬೀಳುತ್ತಿದ್ದವು. ಹೊರಗಿನಿಂದ ತಂದ ದನ ಹಗ್ಗ ಹರಿದುಕೊಂಡು ಓಡುತ್ತಿದ್ದವು. ನಮ್ಮ ಕಿಲಾರಿ ತಳಿಯ ಹೋರಿಗಳು ಮಾತ್ರ ನಿಂತಲ್ಲೇ ನಿಂತು ಮೇಯುತ್ತಿದ್ದವು.

ಅಪ್ಪ ತಮ್ಮಣ್ಣ ಕರು ಆರಿಸುವಾಗ ಹಲ್ಲು ನೋಡುತ್ತಿರಲಿಲ್ಲ, ಸುಳಿ ನೋಡುತ್ತಿರಲಿಲ್ಲ. ಬಿಸಿಲು ಬಿದ್ದ ಮಧ್ಯಾಹ್ನ ದನ ನಿಂತಲ್ಲಿಗೆ ಹೋಗಿ ಜಾಲಿಗಿಡದ ಬುಡಕ್ಕೆ ಕೂತುಬಿಡುತ್ತಿದ್ದ. ತೊಣಚಿ ಯಾವ ಕರುವಿನ ಮೇಲೆ ಕೂಡುತ್ತದೆ, ಯಾವುದನ್ನು ಬಿಟ್ಟು ಹೋಗುತ್ತದೆ, ಅಷ್ಟೇ ನೋಡುವುದು. ದಾರಿಯಲ್ಲಿ ಹೋಗುವವರು ಕೆಣಕುತ್ತಿದ್ದರು.

"ಏನ್ ತಮ್ಮಣ್ಣಾ, ನೊಣಾ ಎಣಸಾಕತ್ತಿಯೇನು?"

"ನಾ ಎಣಸಂಗಿಲ್ಲೋ. ನೊಣಾನ ಕರಾ ಎಣಸಾಕತ್ತಾವ, ನಾ ಸುಮ್ನ ಕೇಳಾಕತ್ತೀನಿ."

ಹಾಗೆ ಆರಿಸಿದ ಕರುವೇ ಬೆಳ್ಯಾ. ಹಾಲಿನಂಥ ಬಿಳಿ, ರೇಷ್ಮೆಯಂಥ ಗಿಡ್ಡ ಕೂದಲು, ತಮಟೆಗೆ ಬಿಗಿದಂಥ ಚರ್ಮ. ಬೆರಳ ತುದಿ ಮುಟ್ಟಿಸಿದರೆ ಸಾಕು, ಆ ಜಾಗವಷ್ಟೇ ಝಲ್ಲೆಂದು ನಡುಗುತ್ತಿತ್ತು. ಬಾಲ ಮೊಣಕಾಲು ದಾಟಿ ಇಳಿದಿತ್ತು. ಅದರ ತಾಯಿ ಬೇಗ ಸತ್ತಿತ್ತು, ಹಾಲು ಕುಡಿಸಿ ಬೆಳೆಸಿದವಳು ನಾನು. ತೊಣಚಿ ಅದರ ಸುತ್ತ ಒಂದು ಸುತ್ತು ಹಾಕಿ ಪಕ್ಕದ ದನಕ್ಕೆ ಹೋಗುತ್ತಿದ್ದವು. ಅಪ್ಪ ಹೇಳುತ್ತಿದ್ದ, "ಇದರ ರಕ್ತ ಕಹಿ ಐತಿ ಗಂಗವ್ವಾ, ಬಾಯಿ ಇಟ್ರ ತೊಣಚಿ ಉಗುಳತೈತಿ." ನಾನೂ ಹಾಗೇ ನಂಬಿದ್ದೆ. ಮದುವೆಯಲ್ಲಿ ನನಗೆ ಬಳುವಳಿಯಾಗಿ ಬಂದದ್ದು ಅದೇ. ಬನಹಟ್ಟಿಯ ಮಗ್ಗುಲ ಹಳ್ಳಿಗೆ ನಾನು ಚಕ್ಕಡಿಯಲ್ಲಿ ಕೂತು ಬಂದರೆ, ಬೆಳ್ಯಾ ಹಿಂದೆ ಕಟ್ಟಿಸಿಕೊಂಡು ನಡೆದು ಬಂತು. ಹೊಸ ಊರಿನಲ್ಲಿ ನನ್ನ ದನಿ ಗುರುತಿದ್ದ ಜೀವ ಅದೊಂದೇ.

ಗಂಡನ ಮನೆಯಲ್ಲಿ ಮೂವರು. ಅತ್ತೆ, ಗಂಡನ ಅಣ್ಣ ರಾಚಪ್ಪ ಭಾವ, ನನ್ನ ಗಂಡ ಸಿದ್ದಪ್ಪ. ಈ ಹೆಸರು ಬರೆಯಲು ಈಗಲೂ ಕೈ ನಾಚುತ್ತದೆ, ಆದ್ದರಿಂದ ಮುಂದೆ 'ಇವರು' ಎಂದೇ ಬರೆಯುತ್ತೇನೆ. ಇವರು ಮಾತಿನಲ್ಲಿ ಬಲು ಕಡಿಮೆ. ಇವರ ಪಾಲಿನ ಮಾತನ್ನೂ ರಾಚಪ್ಪ ಭಾವನೇ ಆಡಿ ಮುಗಿಸುತ್ತಿದ್ದ.

ಆ ಮನೆಗೆ ಒಂದು ಮಾನವಿತ್ತು. ಕಾರಹುಣ್ಣಿವೆಯ ದಿನ ಊರ ಅಗಸಿ ಬಾಗಿಲಿಗೆ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗ ಬಿಗಿಯುತ್ತಾರೆ. ಅದನ್ನು ಕರಿ ಎನ್ನುತ್ತಾರೆ. ಒಂದು ಬಿಳಿ ಹೋರಿ, ಒಂದು ಕೆಂದ, ಎಂದರೆ ಕೆಂಪು, ಹೋರಿಯನ್ನು ಓಡಿಸುತ್ತಾರೆ. ಬಿಳಿಯದು ಮೊದಲು ಬಂದು ಕರಿ ಹರಿದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂದ ಹರಿದರೆ ಮುಂಗಾರಿ ಬೆಳೆ. ಬಿಳಿ ಹೋರಿ ಗೌಡರ ಮನೆಯದು, ಕೆಂದ ಹೋರಿ ನಮ್ಮ ಮನೆಯದು. ಹಿಂದಿನಿಂದ ನಡೆದು ಬಂದದ್ದು. ಆ ವರ್ಷ ಬೇಸಿಗೆಯಲ್ಲಿ ನಮ್ಮ ಕೆಂದ ಹೋರಿ ಹೊಟ್ಟೆಯುಬ್ಬಿ ಸತ್ತಿತ್ತು. ಒಂದು ವರ್ಷ ತಪ್ಪಿದರೆ ಮಾನ ಬೇರೆ ಮನೆಗೆ ಹೋಗುತ್ತದೆ. ರಾಚಪ್ಪ ಭಾವ ಬೀಳಗಿಯ ಸಂತೆಗೂ ಹೋಗಿ ಬರಿಗೈಯಲ್ಲಿ ಬಂದ. ಮರುದಿನ ಬೆಳ್ಯಾನನ್ನು ತಲೆಯಿಂದ ಬಾಲದವರೆಗೆ ನೋಡುತ್ತ ನಿಂತ.

"ಬಿಳಿ ಸೀರಿಗೆ ಬಣ್ಣಾ ಹಾಕ್ತಾರ. ಹೋರಿಗೆ ಯಾಕ ಹಾಕಬಾರ್ದು?" ಎಂದ.

ನಗೆಮಾತು ಎಂದುಕೊಂಡೆವು. ಸಂಜೆಗೆ ಬನಹಟ್ಟಿಯಿಂದ ಸೀರೆಯ ನೂಲಿಗೆ ಹಾಕುವ ಬಣ್ಣದ ಕೊಡ ಹೊತ್ತು ಬಂದ. ಕೊಟ್ಟಿಗೆಯಲ್ಲಿ ಬೆಳ್ಯಾನನ್ನು ಕೆಡವಿ, ಕಾಲು ಕಟ್ಟಿ, ಬಿಸಿಬಿಸಿ ಬಣ್ಣವನ್ನು ತೆಂಗಿನ ನಾರಿನಿಂದ ತಿಕ್ಕಿದ. ನಾನು ಅಡ್ಡ ಹೋದಾಗ ಅತ್ತೆ ರಟ್ಟೆ ಹಿಡಿದು ಎಳೆದರು. "ಈ ಮನಿಗೆ ಬಂದ್ಮ್ಯಾಲ ಹೋರಿನೂ ಈ ಮನೀದ, ನೀನೂ ಈ ಮನೀದಾಕಿ. ಸುಮ್ನ ನಡಿ ಒಳಗ." ಮೊದಲ ಸಲ ಬಣ್ಣ ತೆಳುವಾಯಿತೆಂದು ಎರಡನೆಯ ಸಲ ಬಳಿದ; ಆಮೇಲೆ ಮತ್ತೊಂದು ಸಲ. ಅವನು ಬಯಸಿದ್ದು ಕೆಂಪು, ಬಂದದ್ದು ಒಣಗಿದ ರಕ್ತದ ಬಣ್ಣ, ಕಪ್ಪೆಂದರೂ ಸರಿ. ಹಬ್ಬದ ದಿನ ಹಣೆಗೆ ಕುಂಕುಮ ಹಚ್ಚಿ ಹಣೆಗಟ್ಟು ಕಟ್ಟಬೇಕಲ್ಲ ಎಂದು ಎರಡು ಕಣ್ಣಿನ ಸುತ್ತ ಮತ್ತು ಹಣೆಯಷ್ಟು ಜಾಗ ಬಿಳಿಯಾಗಿಯೇ ಬಿಟ್ಟಿದ್ದ. ಬಣ್ಣ ಹಿಡಿಯಲೆಂದು ಹಬ್ಬದವರೆಗೆ ಕೊಟ್ಟಿಗೆಯ ಕತ್ತಲಲ್ಲೇ ಕಟ್ಟಿಹಾಕಿದ. ಅಲ್ಲಿ ಬಿಸಿಲೂ ಇಲ್ಲ, ತೊಣಚಿಯೂ ಇಲ್ಲ. ಏನಾಗಲಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಊರಿಗೆಲ್ಲ ಗೊತ್ತಾಯಿತು, ಗೊತ್ತಾಗಿಯೂ ಯಾರೂ ತಡೆಯಲಿಲ್ಲ. ಗೌಡರು ಕೂಡ ಮೀಸೆಯೊಳಗೇ ನಕ್ಕು, "ರಾಚ್ಯಾ, ನಿಂದು ಮುಂಗಾರಿ ಬೆಳಿನೂ ಹಿಂಗ ಬಣ್ಣಾ ಹಚ್ಚಿದ್ದ ಬರತೈತೇನ್ಲೇ?" ಎಂದರಂತೆ.

ಹುಣ್ಣಿವೆಯ ಮಧ್ಯಾಹ್ನ. ಮಿರಗದ ಮುಂಗಾರು ಮಳೆ ಬಿದ್ದು ಎರಡು ದಿನ ಬಿಡುವು ಕೊಟ್ಟಿತ್ತು. ಬಿಸಿಲು ಚರ್ಮ ಸುಲಿಯುವಂತಿತ್ತು, ನೆಲದಿಂದ ಹಬೆ ಏಳುತ್ತಿತ್ತು. ನಾನು ಹೆಂಗಸರ ಸಂಗಡ ಮಾಳಿಗೆಯ ಮೇಲೆ ನಿಂತಿದ್ದೆ. ಕೊಂಬಿಗೆ ಗೊಂಡೆ ಕಟ್ಟಿ ಬೆಳ್ಯಾನನ್ನು ಬಯಲಿಗೆ ತಂದರು. ಹಲಗೆ ಬಾರಿಸುತ್ತಿದ್ದರು. ಒಂದು ತೊಣಚಿ ಬಂದು ಬೆನ್ನಿನ ಮೇಲೆ ಕೂತದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು, ಯಾಕೆಂದರೆ ಬೆಳ್ಯಾನ ಮೈಮೇಲೆ ತೊಣಚಿ ಕೂತದ್ದನ್ನು ಅದು ಹುಟ್ಟಿದಾಗಿನಿಂದ ನಾನು ಕಂಡಿರಲಿಲ್ಲ. ಬೆಳ್ಯಾ ಚರ್ಮ ನಡುಗಿಸಿತು. ಅದು ಎದ್ದು ಮತ್ತೆ ಕೂತಿತು. ಆಮೇಲೆ ಹಳ್ಳದ ಕಡೆಯಿಂದ ಒಂದರ ಹಿಂದೆ ಒಂದು ಬಂದವು. ಪಕ್ಕದಲ್ಲಿ ನಿಂತ ಗೌಡರ ಬಿಳಿ ಹೋರಿಯನ್ನು ಬಿಟ್ಟು ಎಲ್ಲವೂ ಇದರ ಮೇಲೆಯೇ ಬಿದ್ದವು. ಬಾಲ ಸಾಲಲಿಲ್ಲ, ಚರ್ಮ ಸಾಲಲಿಲ್ಲ. ಹೊಟ್ಟೆಯಿಂದ, ತೊಡೆಯಿಂದ ರಕ್ತ ಗೆರೆಗೆರೆಯಾಗಿ ಇಳಿಯತೊಡಗಿತು. ಹೋರಿ ಬಾಯಿ ತೆರೆದು ನೊರೆ ಚೆಲ್ಲಿತು.

"ನೋಡ್ರೆಲೇ, ಹೆಂಗ ಕುದ್ಯಾಕತ್ತೈತಿ," ಎಂದು ರಾಚಪ್ಪ ಭಾವ ಹಿಗ್ಗಿನಿಂದ ಕೂಗಿ, ಬಾರುಕೋಲಿನಿಂದ ಬೆನ್ನಿಗೆ ಬಾರಿಸಿದ.

ಬೆಳ್ಯಾ ತಲೆ ಎಳೆದುಕೊಂಡ ರಭಸಕ್ಕೆ ಮೂಗುದಾರದ ಕೂಡ ಮೂಗೇ ಹರಿಯಿತು. ಮೊದಲು ಬಿಳಿ ಹೋರಿಯ ಮೇಲೆ ಬಿದ್ದು ಅದರ ಹೆಗಲು ಸೀಳಿತು. ಹಲಗೆಯವನು ಹಲಗೆ ಬಿಟ್ಟು ಗೋಡೆ ಹತ್ತಿದ. ರಾಚಪ್ಪ ಭಾವ ಓಡಲಿಲ್ಲ. ಎದುರಿಗೇ ನಿಂತು ಮೋರೆಗೆ ಇನ್ನೊಂದು ಏಟು ಹೊಡೆದ. ಕೊಂಬು ಅವನ ತೊಡೆಯೊಳಗೆ ಹೊಕ್ಕಿತು. ಎತ್ತಿ ಒಗೆಯಿತು, ಬಿದ್ದಲ್ಲಿ ಹೋಗಿ ಮತ್ತೆ ಎತ್ತಿತು. ಧೋತರವೆಲ್ಲ ರಕ್ತ. ಇವರು ಬರಿಗೈಯಲ್ಲಿ ನಡುವೆ ಹೊಕ್ಕು ಅಣ್ಣನ ಕಾಲು ಹಿಡಿದು ಎಳೆದರು. ಎಳೆದ ದಾರಿಯುದ್ದಕ್ಕೂ ಮಣ್ಣು ಕೆಂಪಾಯಿತು. ಬೆಳ್ಯಾ ಕರಿಯ ಕಡೆ ನೋಡಲೂ ಇಲ್ಲ. ಜನರನ್ನು ತುಳಿದುಕೊಂಡು ಹಳ್ಳದ ಕಡೆಗೆ ಓಡಿತು.

ಜಮಖಂಡಿಯಿಂದ ಬಂದ ಕಂಪೌಂಡರು ತೊಡೆ ಹೊಲಿಯುವಾಗ ನಾಲ್ವರು ಹಿಡಿದುಕೊಂಡಿದ್ದರು. ಜೀವ ಉಳಿಯಿತು. ಎಚ್ಚರ ಬಂದ ಕೂಡಲೆ ಭಾವ ಆಡಿದ ಮೊದಲ ಮಾತು, "ಅದರ ಕೊಂಬು ಕಡದು ತಂದು ನನಗ ತೋರಸ್ರಿ. ಇಲ್ಲಂದ್ರ ನಾನ ತೆವಳಕೊಂತ ಹೋಗಿ ಕಡೀತೀನಿ." ಊರೂ ಅದನ್ನೇ ಹೇಳಿತು. ಮನುಷ್ಯನ ರಕ್ತ ಕಂಡ ಹೋರಿಯನ್ನು ಬಿಡಬಾರದು. ಗೌಡರು ಬಂದೂಕು ತೆಗೆಸಿದರು. ಇವರು ತಲೆ ಬಗ್ಗಿಸಿ ನಿಂತಿದ್ದರು. ಒಳಗೆ ಅಣ್ಣ ನರಳುತ್ತಿದ್ದ.

ಮರುದಿನ ಬಿಸಿಲೇರುವಾಗ ಎಲ್ಲರೂ ಹಳ್ಳಕ್ಕೆ ಹೋದರು, ನಾನೂ ಹೋದೆ. ಬೆಳ್ಯಾ ಮಡುವಿನಲ್ಲಿ ನಿಂತಿತ್ತು. ಬೆನ್ನಿನವರೆಗೆ ನೀರು, ಮೇಲೆ ಹಿಣಿಲು ಎನ್ನುವ ಹೆಗಲ ಉಬ್ಬು, ಕೊರಳು, ತಲೆ ಮಾತ್ರ. ಆ ಮಡು ಊರು ಕುಡಿಯುವ ನೀರು, ಅದರೊಳಗೆ ರಕ್ತ ಕೆಡವುವಂತಿಲ್ಲ. ಗೌಡರು ಬಂದೂಕು ಮೊಣಕಾಲ ಮೇಲಿಟ್ಟುಕೊಂಡು ದಂಡೆಯಲ್ಲಿ ಕೂತರು.

"ಹೊರಗ ಹೊಡೀರಿ. ದಂಡಿಗೆ ಕಾಲಿಟ್ಟ ಕೂಡ್ಲೆ ನಾ ನೋಡಿಕೊಂತೀನಿ."

ಕವಣೆಯಿಂದ ಕಲ್ಲು ಬೀಸಿದರು. ಕಲ್ಲು ಕೊಂಬಿಗೆ ಬಡಿದ ಸಪ್ಪಳ ಮರ ಕಡಿದಂತೆ ಕೇಳುತ್ತಿತ್ತು. ಒಂದು ಕಲ್ಲು ಹುಬ್ಬು ಒಡೆಯಿತು. ಹೋರಿ ಕದಲಲಿಲ್ಲ. ಗೌಡರು ತಮ್ಮ ಮುಧೋಳದ ನಾಯಿಗಳನ್ನು ಬಿಟ್ಟರು. ಬಾಣದಂಥ ಮೈ, ಸದ್ದಿಲ್ಲದ ನಾಯಿಗಳು. ಒಂದು ಈಜಿ ಹೋಗಿ ಕಿವಿ ಕಚ್ಚಿ ಜೋತಿತು. ಬೆಳ್ಯಾ ತಲೆ ಕೊಡವಿತು, ನಾಯಿ ದಂಡೆಯ ಬಂಡೆಗೆ ಬಂದು ಅಪ್ಪಳಿಸಿತು. ಪಕ್ಕೆಲುಬು ಮುರಿದು ಅದು ಕುಂಯಿಗುಡುತ್ತ ಬಿದ್ದುಕೊಂಡಾಗ ಗೌಡರ ಮೋರೆ ಕಪ್ಪಾಯಿತು. ಅರ್ಧ ಕಿವಿ ಹರಿದ ಬೆಳ್ಯಾ ಆಗಲೂ ನೀರು ಬಿಡಲಿಲ್ಲ.

ನಾನು ನೀರಿನ ಅಂಚಿಗೆ ಹೋಗಿ ನಿಂತೆ. ಆಗ ಕಂಡಿತು. ಹಿಣಿಲು, ಕೊರಳಿನ ಮೇಲೆ ತೊಣಚಿ ಇರುವೆಯಂತೆ ಮುತ್ತಿದ್ದವು. ಬಣ್ಣದ ಗೆರೆ ಮುಗಿದು ಬಿಳಿ ಹಣೆ ಸುರುವಾದಲ್ಲಿ ಒಂದೂ ಇರಲಿಲ್ಲ. ಕಣ್ಣಿನ ನೀರು ಕುಡಿಯಲಿಕ್ಕೂ ಒಂದೂ ಬಂದಿರಲಿಲ್ಲ. ಗೆರೆಯ ಈಚೆ ರಕ್ತದ ಗಾಯ, ಗೆರೆಯ ಆಚೆ ಹಾಲಿನಂಥ ಕೂದಲು. ಚರ್ಮ ಅದೇ, ರಕ್ತ ಅದೇ. ಗೌಡರ ಮನೆಯ ವಿಲಾಯತಿ ಆಕಳು ನೆನಪಾಯಿತು. ಪುಣೆಯ ಕಡೆಯಿಂದ ತರಿಸಿದ್ದು, ಕರಿಬಿಳಿ ತೇಪೆಯ ಕೌದಿಯಂಥ ಮೈ. ಮಳೆ ಬಿದ್ದಾಗಿನಿಂದ ಅದನ್ನು ಬೇವಿನ ಹೊಗೆಯಲ್ಲೇ ಕಟ್ಟಿದ್ದರು. ಅದರ ಕರಿ ತೇಪೆಗಳ ಮೇಲೆಯೇ ಗಾಯ ಹೆಚ್ಚು. ಹೊರಗಿನ ದನ, ತಾಳುವುದಿಲ್ಲ ಎಂದು ನಾವೆಲ್ಲ ಸುಮ್ಮನಾಗಿದ್ದೆವು. ಹೋರಿ ಹುಚ್ಚಾಗಿಲ್ಲ ಎಂದು ನನಗೆ ಆಗ ಹೊಳೆಯಿತು. ಅದು ಬಣ್ಣ ಮುಚ್ಚಿಕೊಳ್ಳಲು ನೀರಿಗೆ ಇಳಿದಿದೆ.

ಮನೆಗೆ ಓಡಿದೆ. ಹಬ್ಬಕ್ಕೆ ಗೋಡೆ ಬಳಿಯಲು ನೆನೆಹಾಕಿದ್ದ ಬಿಳಿ ಜೇಡಿಮಣ್ಣು ಎರಡು ಗಡಿಗೆ ಉಳಿದಿತ್ತು. ಒಂದನ್ನು ಎತ್ತಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ ಹೊಂಟಿ, ಹಿಪ್ಪರಗಿ ಹುಚ್ಚಿ?"

"ಅತ್ತಿ, ತೊಣಚಿ ಬಣ್ಣಕ್ಕ ಬಂದಾವ್ರಿ. ಬಿಳೀ ಮಾಡಿದ್ರ ಹೋಗ್ತಾವ."

"ನನ್ನ ಒಬ್ಬ ಮಗನ ತೊಡಿ ಹೊಲಿಸ್ಕೊಂಡ ಕುಂತೀನಿ. ನಿನ್ನೂ ಹೊಲಿಸ್ಲೇನು?"

"ಹೊಲಿಸ್ರಿ. ಈಗ ದಾರಿ ಬಿಡ್ರಿ."

ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಕಣ್ಣು ಕಿಸಿದು ನನ್ನನ್ನು ನೋಡಿದರು, ಒಳಗೆ ಭಾವನ ನರಳಾಟ ಕೇಳಿದರು, ಬಾಗಿಲು ಬಿಟ್ಟು ಸರಿದರು. ಸ್ವಲ್ಪ ಮುಂದೆ ಹೋಗಿ ತಿರುಗಿ ನೋಡಿದರೆ ಎರಡನೆಯ ಗಡಿಗೆ ಸೊಂಟಕ್ಕೆ ಏರಿಸಿಕೊಂಡು ಬರುತ್ತಿದ್ದರು.

ದಂಡೆಯಲ್ಲಿ ಗೌಡರು ಗದರಿದರು. "ಸಿದ್ದಪ್ಪಾ, ನಿನ್ನ ಹೇಣ್ತೀನ್ನ ಹಿಂದಕ ಕರಿ."

ಇವರು ಧೋತರ ಮೇಲಕ್ಕೆ ಕಟ್ಟಿ, ನನ್ನ ಕೈಯಿಂದ ಗಡಿಗೆ ಇಸಿದುಕೊಂಡು ನೀರಿಗೆ ಇಳಿದರು. "ನೀ ದನಿ ಮಾಡು. ನಾ ಹಿಡಕೊಂಡಿರ್ತೀನಿ," ಎಂದರು ನನಗೆ. ಮದುವೆಯಾದಾಗಿನಿಂದ ಒಂದೇ ಸಲಕ್ಕೆ ಇವರು ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಹಾಲು ಕುಡಿಸುವಾಗ ಕರೆಯುತ್ತಿದ್ದ ಹಾಗೆ ನಾಲಿಗೆ ಲೊಟಕರಿಸುತ್ತ ಹೋದೆ. "ಬಾರೋ ಬೆಳ್ಯಾ, ಬಾರೋ ನನ್ನಪ್ಪಾ." ಕಣ್ಣು ಕೆಂಡವಾಗಿತ್ತು, ಹರಿದ ಮೂಗಿನಿಂದ ರಕ್ತದ ಗುಳ್ಳೆ ಏಳುತ್ತಿದ್ದವು. ಮೊದಲ ಹಿಡಿ ಮಣ್ಣು ಹಿಣಿಲಿಗೆ ಮೆತ್ತಿದೆ. ತಣ್ಣಗೆ ತಾಗಿದ್ದಕ್ಕೋ ಗಾಯ ಉರಿದದ್ದಕ್ಕೋ ಹೋರಿ ತಲೆ ಬೀಸಿತು. ಕೊಂಬಿನ ಮಗ್ಗುಲು ನನ್ನ ಹೆಗಲಿಗೆ ಬಡಿಯಿತು. ಎಲುಬು ಮುರಿದ ಸದ್ದು ಕಿವಿಗೇ ಕೇಳಿತು. ನೀರಿನೊಳಗೆ ಹೋದೆ, ಬಾಯಿ ತುಂಬ ಕೆಸರು. ಇವರು ತುರುಬು ಹಿಡಿದು ಎತ್ತಿದರು. ದಂಡೆಯಲ್ಲಿ ಬಂದೂಕಿನ ಕುದುರೆ ಎಳೆದದ್ದು ಕೇಳಿತು.

"ಹೊಡೀಬ್ಯಾಡ್ರೀ ಗೌಡ್ರ," ಎಂದು ಅತ್ತೆ ಅಬ್ಬರಿಸಿದರು, "ನೀರಾಗ ನನ್ನ ಮಗಾ ಅದಾನ, ಸೊಸಿ ಅದಾಳ."

ಒಂದು ಕೈ ಜೋತುಬಿದ್ದಿತ್ತು. ಇನ್ನೊಂದು ಕೈಯಿಂದ ಬಳಿದೆ. ಹಿಣಿಲು, ಕೊರಳು, ಹರಿದ ಕಿವಿ. ಬಳಿದಲ್ಲಿ ತೊಣಚಿ ಎದ್ದವು; ತಿರುಗಿ ಬಂದು ಸುತ್ತಿದವು, ಕೂಡಲಿಲ್ಲ. ಬೆಳ್ಯಾ ತಲೆ ಇಳಿಸಿ ನೀರು ಕುಡಿಯಿತು. ಹಿಂದಿನ ದಿನದಿಂದ ನೀರೊಳಗೇ ನಿಂತು ಒಂದು ಗುಟುಕೂ ಕುಡಿದಿರಲಿಲ್ಲವೇನೋ, ಹೀರುವ ಸಪ್ಪಳ ದಂಡೆಯವರಿಗೂ ಕೇಳಿತು.

ದಂಡೆಗೆ ಬರದೆ ಉಳಿದ ಮೈ ಬಳಿಯುವಂತಿಲ್ಲ. ದಂಡೆಗೆ ಬಂದರೆ ಬಂದೂಕು. ನಾನು ಒಂದು ಮಗ್ಗುಲಿಗೆ, ಇವರು ಇನ್ನೊಂದು ಮಗ್ಗುಲಿಗೆ ಮೈ ಹಚ್ಚಿ ನಿಂತು ಅದನ್ನು ನಡೆಸಿಕೊಂಡು ಬಂದೆವು. ನೀರು ಇಳಿದಂತೆ ಬೆನ್ನು, ಪಕ್ಕೆ, ಹೊಟ್ಟೆ ಹೊರಗೆ ಬಂದವು. ಚರ್ಮ ಎಲ್ಲಿಯೂ ಉಳಿದಿರಲಿಲ್ಲ, ಜಾಳಿಗೆಯಂತೆ ರಕ್ತ. ತೊಣಚಿ ಭೋರೆಂದು ಬಂದವು. ಅತ್ತೆ ಎರಡನೆಯ ಗಡಿಗೆಯನ್ನು ನೇರ ಬೆನ್ನ ಮೇಲೆಯೇ ಸುರಿದರು, ಸೆರಗು ಕಟ್ಟಿಕೊಂಡು ಎರಡೂ ಕೈಯಿಂದ ತೊಡೆಗೆ ತಿಕ್ಕಿದರು. "ನಿಂದರಲೇ ಕಳ್ಳಾ, ನಿಂದರು. ನನ್ನ ಮಗನ ತೊಡಿ ಹರದಿ, ನಿನ್ನ ತೊಡೀಗೆ ನಾ ಮಣ್ಣ ಬಳ್ಯಾಕತ್ತೀನಿ," ಎಂದು ಬೈಯುತ್ತಲೇ ಇದ್ದರು. ಬೆಳ್ಯಾ ನಿಂತಿತು. ನಾಲ್ಕೂ ಕಾಲು ನಡುಗುತ್ತಿದ್ದವು. ಮೇಲೆ ಸುತ್ತುತ್ತಿದ್ದ ನೊಣದ ಮೋಡ ತೆಳುವಾಗುತ್ತ ಬಂತು.

ಗೌಡರು ಬಂದೂಕು ಹಿಡಿದೇ ಹತ್ತಿರ ಬಂದರು. ಹೋರಿಯ ಸುತ್ತ ಒಂದು ಸುತ್ತು ಹಾಕಿದರು. ಬಳಿಯದೆ ಉಳಿದ ಹಿಂಗಾಲಿನ ಗೊರಸಿನ ಹತ್ತಿರ ನಾಲ್ಕೈದು ತೊಣಚಿ ಕೂತಿದ್ದವು. ಬೇರೆಲ್ಲೂ ಇರಲಿಲ್ಲ. ಗೌಡರು ಬಹಳ ಹೊತ್ತು ಆ ಗೊರಸನ್ನೇ ನೋಡಿದರು. ಆಮೇಲೆ ಬಂದೂಕಿನ ನಳಿಗೆ ಬಗ್ಗಿಸಿ ಗುಂಡಿನ ತೋಟೆ ತೆಗೆದು ಕಿಸೆಗೆ ಹಾಕಿಕೊಂಡರು.

"ಈ ಮಣ್ಣ ಇನ್ನೂ ಐತೇನು ನಿಮ್ಮ ಮನ್ಯಾಗ?" ಎಂದು ಅತ್ತೆಯನ್ನು ಕೇಳಿದರು.

"ಯಾಕ್ರಿ?"

"ನಮ್ಮ ಆಕಳಿಗೆ. ಕರೀ ತ್ಯಾಪಿ ಅದಾವಲ್ಲ." ದನಿ ಬಿರುಸು ಮಾಡಿಕೊಂಡು ಹೇಳಿದರು, "ನನ್ನ ಹೋರೀದು, ನಾಯೀದು ನಾ ಬಿಡ್ತೀನಿ. ರಾಚ್ಯಾನ ತೊಡೀದು ರಾಚ್ಯಾನ ಹೇಳಬೇಕು. ಅವ ಕಡೀರಿ ಅಂದ್ರ ನಾ ಮತ್ತ ಬರೂದ."

ಹೀಗೆ ಬೆಳ್ಯಾನ ಜೀವ ಹೊರಸಿನ ಮೇಲೆ ಮಲಗಿದ್ದ ರಾಚಪ್ಪ ಭಾವನ ನಾಲಿಗೆಗೆ ಬಂದು ನಿಂತಿತು. ಅಗಸಿಯ ದಾರಿ ಬಿಟ್ಟು ಹಿತ್ತಲಿನಿಂದ ಮನೆಗೆ ಕರೆತಂದೆವು. ಹೊರಸು ಪಡಸಾಲೆಯಲ್ಲಿತ್ತು, ಬಾಗಿಲಿನಿಂದ ಅಂಗಳ ಪೂರಾ ಕಾಣುತ್ತಿತ್ತು. ನನ್ನ ಕೈಯನ್ನು ಸೆರಗಿನಿಂದ ಕೊರಳಿಗೆ ಕಟ್ಟಿ, ಅತ್ತೆ ಮಗನ ತಲೆಯ ಹತ್ತಿರ ಕೂತರು. ನಡೆದದ್ದನ್ನು ನಡೆದ ಹಾಗೆ ಹೇಳಿದರು, ಗೌಡರ ಮಾತನ್ನೂ ಹೇಳಿದರು. ಒಂದು ಮಾತೂ ಬೇಡಿಕೊಳ್ಳಲಿಲ್ಲ. ಇವರು ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ನನ್ನ ಹೆಗಲು ಬೆಂಕಿಯಾಗಿತ್ತು.

ಭಾವ ಕುತ್ತಿಗೆ ತಿರುಗಿಸಿ ಅಂಗಳ ನೋಡಿದ. ಬೆಳ್ಯಾ ಬಿಸಿಲಲ್ಲಿ ನಿಂತಿತ್ತು. ಮೈಮೇಲಿನ ಜೇಡಿ ಒಣಗಿ ಸೀಳು ಬಿಡುತ್ತಿತ್ತು. ಅದು ಒಮ್ಮೆ ಚರ್ಮ ನಡುಗಿಸಿತು, ಪಕ್ಕೆಯಿಂದ ಒಣ ಮಣ್ಣಿನ ಒಂದು ಹೆಕ್ಕಳಿಕೆ ಉದುರಿ ಬಿತ್ತು. ಬಿದ್ದಲ್ಲಿ ಕರಿಗೆಂಪು ಕಂಡಿತು. ಎಲ್ಲಿತ್ತೋ, ಒಂದು ತೊಣಚಿ ಬಂದು ಸರಿಯಾಗಿ ಅಲ್ಲಿಯೇ ಕೂತಿತು. ಭಾವನ ತುಟಿ ಬಿಗಿದುಕೊಂಡವು. ಅದು ಕೊಯ್ದು ಕುಡಿಯುವುದನ್ನು ಅವನು ಕೊನೆಯವರೆಗೆ ನೋಡಿದ.

"ಬರೇ ಮಣ್ಣ ನಿಲ್ಲಂಗಿಲ್ಲ," ಎಂದ, ಯಾರನ್ನೂ ನೋಡದೆ. "ಜೋಳದ ಗಂಜಿ ಕೂಡಿಸಿ ಬಳೀರಿ."